ಕೋಣೆಯ ಗುಂಯ್‌ಗೆ ಮದ್ದು: ಆರ್‌ಇಡಬ್ಲ್ಯೂ ಸಾಕೇ, ಡಿರಾಕ್ ಬೇಕೇ?

4 ಮೀಟರ್ ಉದ್ದದ ಕೋಣೆಯಲ್ಲಿ 43 ಹರ್ಟ್ಸ್ ಆಸುಪಾಸಿನ ಬಾಸ್ ಗುಂಯ್‌ಗುಡುತ್ತದೆ. ಆ ಕಡೆ ದನಿ ಉಬ್ಬಿದ್ದನ್ನು ತಗ್ಗಿಸಿದರೆ ಸಾಕು, ಹಾಡು ಕೇಳುವುದೂ ವಿಂಡೋಸ್ ಕಂಪ್ಯೂಟರಿನಲ್ಲೇ ಎನ್ನುವವರಿಗೆ ಕೋಣೆಯ ದನಿ ಅಳೆಯುವ ಆರ್‌ಇಡಬ್ಲ್ಯೂ (ರೂಮ್ ಈಕ್ಯೂ ವಿಝರ್ಡ್) ಧಾರಾಳ. ತಂತ್ರಾಂಶ ಉಚಿತ, ಯುಮಿಕ್-1 ತರಹದ ಅಳತೆ ಮೈಕ್ ಮಾತ್ರ ಕೊಳ್ಳಬೇಕು. ಕೂತಾಗ ಕಿವಿ ಇರುವ ಎತ್ತರಕ್ಕೆ ಮೈಕನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಅದರ ಸೀರಿಯಲ್ ನಂಬರಿನ ಕ್ಯಾಲಿಬ್ರೇಷನ್ ಫೈಲ್ (ಮೈಕಿನ ಏರುಪೇರು ಸರಿದೂಗಿಸುವ ಕಡತ) ಹಾಕಿ, 20ರಿಂದ 300 ಹರ್ಟ್ಸ್‌ವರೆಗೆ ಸ್ವೀಪ್ (ಏರುತ್ತ ಹೋಗುವ ಪರೀಕ್ಷೆಯ ದನಿ) ಓಡಿಸಿ. ಸಿಕ್ಕ ಫಿಲ್ಟರ್‌ಗಳನ್ನು ವಿಂಡೋಸ್‌ನಲ್ಲಿ ದನಿ ತಿದ್ದುವ ಈಕ್ವಲೈಸರ್ ಎಪಿಒ ತಂತ್ರಾಂಶಕ್ಕೆ ಕೊಟ್ಟರೆ ಮುಗಿಯಿತು. ಗ್ರಾಫಿನಲ್ಲಿ ದನಿ ತೀರಾ ಕುಗ್ಗಿದ ಆಳದ ಗುಂಡಿಗಳನ್ನು ತುಂಬಲು ಮಾತ್ರ ಹೋಗಬೇಡಿ: 10 ಡಿಬಿ ಏರಿಸಲು ಆಂಪ್ ಹತ್ತು ಪಟ್ಟು ಶಕ್ತಿ ಸುರಿಯಬೇಕು, ಗೋಡೆಗೆ ಬಡಿದು ಮರಳಿದ ಅಲೆ ಅದನ್ನೂ ನುಂಗುತ್ತದೆ. ಸ್ಪೀಕರನ್ನು ಒಂದಡಿ ಸರಿಸಿ ಮತ್ತೆ ಅಳೆಯುವುದೇ ಮೇಲು.

ಕೋಣೆಗೆ ತಕ್ಕಂತೆ ದನಿ ತಿದ್ದುವ ಇನ್ನೊಂದು ತಂತ್ರಾಂಶ ಡಿರಾಕ್ ಲೈವ್‌ಗೆ ಲೈಸೆನ್ಸ್ ದುಡ್ಡು ಬೇಕು. ರಿಸೀವರ್‌ನಲ್ಲಿ ಬಳಸುವುದಾದರೆ ಆ ಮಾದರಿ ಅದಕ್ಕೆ ಒಗ್ಗಬೇಕು. ಆದರೆ ಅದು ಸೋಫಾದ ಸುತ್ತ ಹಲವು ಕಡೆ ಅಳೆದು, ಮಟ್ಟದ ಜೊತೆ ದನಿ ತಲುಪುವ ಹೊತ್ತನ್ನೂ ತಿದ್ದುತ್ತದೆ. ಮನೆಮಂದಿಯೆಲ್ಲ ಕೂತು ಸಿನಿಮಾ ನೋಡುವ 5.1ಕ್ಕೆ (ಐದು ಸ್ಪೀಕರ್, ಒಂದು ಸಬ್‌ವೂಫರ್) ಇದೇ ವಾಸಿ. ಮೊದಲ ಅಳತೆ ನಡುವಿನ ಸೀಟಿನಲ್ಲೇ ಆಗಲಿ, ವಿಳಂಬದ ಲೆಕ್ಕ ನಿಂತಿರುವುದು ಅದರ ಮೇಲೆ. ಮಿಕ್ಕ ಅಳತೆಗಳನ್ನು ಒತ್ತೊತ್ತಾಗಿ ತೆಗೆದರೆ ದನಿ ಒಣಗಿದಂತಾಗುತ್ತದೆ. ಮತ್ತೆ, ಅಳೆಯುವಾಗ ಫ್ಯಾನ್ ನಿಲ್ಲಿಸಿ.