ಪಂಪ್ ಬಿಚ್ಚಿಸುವ ಮುನ್ನ ಒಂದು ಕ್ಯಾನ್ ಡೀಸೆಲ್ ಇಟ್ಟು ನೋಡಿ

ಹಳೆಯ ಡೀಸೆಲ್ ಪಿಕಪ್ ಇಟ್ಟುಕೊಂಡು ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಬಾಡಿಗೆ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗಾಡಿ ನಿಂತಲ್ಲೇ ನಡುಗುತ್ತಿದೆ, ಐಡಲಿಂಗ್‌ನಲ್ಲಿ ಒಂದೇ ಸಮನೆ ಓಡುತ್ತಿಲ್ಲ ಎಂದು ಗ್ಯಾರೇಜಿಗೆ ಒಯ್ದಾಗ, ಬಾನೆಟ್ ಎತ್ತಿ ಅರೆ ನಿಮಿಷ ಕಿವಿಗೊಟ್ಟು "ಪಂಪ್ ಹೋಗಿದೆ, ನಾಜಲ್ ಹೋಗಿದೆ" ಎಂದು, ಅಂದರೆ ಡೀಸೆಲನ್ನು ಒತ್ತಡದಲ್ಲಿ ಕಳಿಸುವ ಪಂಪೂ ಅದನ್ನು ಸಿಲಿಂಡರಿಗೆ ಸಿಂಪಡಿಸುವ ನಾಜಲೂ ಕೆಟ್ಟಿವೆ ಎಂದು, ತೀರ್ಪು ಕೊಡುವವರು ಸಿಕ್ಕರೆ ಕೀಲಿ ಅವರ ಕೈಗೆ ಕೊಡಬೇಡಿ. ನನ್ನಿಂದ ಹೀಗೆ ವಸೂಲಾದದ್ದು ಹತ್ತಿರ ಹತ್ತಿರ 22,000 ರೂಪಾಯಿ. ದೋಷ ಇದ್ದದ್ದು ಒಂದು ಗೇಣು ರಬ್ಬರ್ ಪೈಪಿನಲ್ಲಿ.

ನನ್ನದು ನಾಲ್ಕು ಸಿಲಿಂಡರಿನ, ಸೆನ್ಸರುಗಳ ಗೊಡವೆಯಿಲ್ಲದ, ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿ. ಸುಗ್ಗಿಯಲ್ಲಿ ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ. ಉಳಿದ ದಿನ ಸಿಕ್ಕ ಬಾಡಿಗೆ. ಮಾರುಕಟ್ಟೆಯ ಮುಂದಿನ ಸಾಲಿನಲ್ಲಿ ನಿಂತರೆ ಗೇರಿನ ಕೋಲು ಕುಣಿಯುವಷ್ಟು ನಡುಕ, ಎರಡು ಸಲ ಬಿಕ್ಕಿ ಬಂದ್. ಹೆದ್ದಾರಿಗೆ ಹತ್ತಿದ ಮೇಲೆ ಮಾತ್ರ ಲೋಡ್ ಇದ್ದರೂ ಚೆನ್ನಾಗಿಯೇ ಎಳೆಯುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಲು ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಿತ್ತು. ಈ ಮೂರೂ ಲಕ್ಷಣಗಳನ್ನು ನಾನು ಗ್ಯಾರೇಜಿನಲ್ಲಿ ಬಿಡಿಸಿ ಹೇಳಿದ್ದೆ. ಕೇಳಿಸಿಕೊಳ್ಳುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ.

ಅದು ಹುಬ್ಬಳ್ಳಿಯ ಒಂದು ಗ್ಯಾರೇಜು, ಹೆಸರು ಬೇಡ. ಸಂಜೆಯೊಳಗೆ ಪಂಪ್ ಇಳಿಸಿದರು, ನಾಲ್ಕೂ ನಾಜಲ್ ತೆಗೆದರು, ಅಳತೆ ಸರಿಪಡಿಸಲು (ಕ್ಯಾಲಿಬ್ರೇಷನ್‌ಗೆ) ಕಳುಹಿಸಿದರು. ಬಿಚ್ಚುವ ಮೊದಲು ಯಾವ ಪರೀಕ್ಷೆಯೂ ಇಲ್ಲ. ಹಳೆಯ ನಾಜಲ್ ಕೊಡಿ ಎಂದರೆ "ಅವು ಗುಜರಿಗೆ ಹೋದವು ಸಾಹುಕಾರರೇ" ಎಂಬ ಉತ್ತರ. ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದಾಗ ನಡುಕ ಕಡಿಮೆಯಾದದ್ದು ನಿಜ. ಆದರೆ ಅದು ಪಂಪಿನ ರಿಪೇರಿಯಿಂದ ಆದದ್ದಲ್ಲ. ಐಡಲ್ ಸ್ಕ್ರೂ ತಿರುಗಿಸಿ ಎಂಜಿನ್ ವೇಗ ಏರಿಸಿಟ್ಟಿದ್ದರು. ಹಳೆಯ ಪಿಕಪ್ ನಿಂತಲ್ಲಿ ನಿಮಿಷಕ್ಕೆ ಸುಮಾರು 700ರಿಂದ 850 ಸುತ್ತು ತಿರುಗಿದರೆ ಸಾಕು. ಅದನ್ನು ಸಾವಿರದ ಮೇಲೆ ಒಯ್ದರೆ ಬಿಕ್ಕು ಅಷ್ಟಾಗಿ ಗೊತ್ತಾಗುವುದಿಲ್ಲ, ರೋಗ ಅಲ್ಲೇ ಇರುತ್ತದೆ, ಡೀಸೆಲ್ ಮಾತ್ರ ಸುಡುತ್ತದೆ. ಮರಳಿ ಬರುವಾಗ ಶಿಗ್ಗಾವಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಮತ್ತೆ ಅದೇ ಬಿಕ್ಕು. ಫೋನ್ ಮಾಡಿದರೆ "ಹಾಗಾದರೆ ಕಂಪ್ರೆಶನ್ ಇಲ್ಲ, ಬೋರ್ ಕೆಲಸ ಮಾಡಿಸಬೇಕು" ಎಂದರು. ಅಂದರೆ ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ ಇಲ್ಲ, ಎಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸಬೇಕು ಎಂದು. 22,000 ನುಂಗಿದ ಬಾಯಿಗೆ ಇನ್ನೂ ಹಸಿವು ಇತ್ತು.

ಗದಗಿನ ಹಿರಿಯ ಮಿಸ್ತ್ರಿಯೊಬ್ಬರು ಮೊದಲು ಎಂಜಿನ್ನನ್ನು ಮುಟ್ಟಲೇ ಇಲ್ಲ. ಐದು ಲೀಟರಿನ ಸ್ವಚ್ಛವಾದ ಕ್ಯಾನಿನಲ್ಲಿ ಡೀಸೆಲ್ ತುಂಬಿ ಬಾನೆಟ್ ಪಕ್ಕ ಇಟ್ಟರು. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನ (ಟ್ಯಾಂಕಿನಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಚಿಕ್ಕ ಪಂಪಿನ) ಬಾಯಲ್ಲಿ ಬಿಚ್ಚಿ, ಅಲ್ಲಿಗೆ ಹೊಸ ಪಾರದರ್ಶಕ ಪೈಪ್ ಹಾಕಿ, ಅದರ ಇನ್ನೊಂದು ತುದಿಯನ್ನು ಕ್ಯಾನಿನಲ್ಲಿ ಮುಳುಗಿಸಿದರು. ಕೈಪಂಪ್ ಒತ್ತಿ ಏರ್ ತೆಗೆದು ಸ್ಟಾರ್ಟ್ ಮಾಡಿದರೆ ಎಂಜಿನ್ ಒಂದೇ ಸಮನೆ ಓಡಿತು. ಐಡಲ್ ಸ್ಕ್ರೂವನ್ನು ಅದರ ಜಾಗಕ್ಕೆ ತಂದರೂ ಬಿಕ್ಕಲಿಲ್ಲ. ಅಲ್ಲಿಗೆ ಪಂಪ್, ನಾಜಲ್, ಬೋರ್ ಎಲ್ಲವೂ ನಿರ್ದೋಷಿಗಳು. ದೋಷ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯಲ್ಲಿ. ಚಾಸಿಯ ಮೇಲೆ ಕ್ಲಿಪ್ ಹಾಕಿದ್ದ ಕಡೆ ರಬ್ಬರ್ ಪೈಪ್ ಒಣಗಿ ಸೀಳಿತ್ತು. ಪೈಪಿಗೆ, ಎರಡು ಕ್ಲಿಪ್ಪಿಗೆ, ತಾಮ್ರದ ವಾಷರುಗಳಿಗೆ, ಅವರ ಕೂಲಿಗೆ ಎಲ್ಲ ಸೇರಿ ಸಾವಿರ ರೂಪಾಯಿಯೂ ಆಗಲಿಲ್ಲ.

ಆ ಸೀಳು ಯಾರ ಕಣ್ಣಿಗೂ ಬೀಳದ್ದಕ್ಕೆ ಕಾರಣವಿದೆ. ಫೀಡ್ ಪಂಪಿನ ಆಚೆಗಿನ ಪೈಪಿನಲ್ಲಿ ಒತ್ತಡ ಇರುವುದರಿಂದ ಅಲ್ಲಿ ತೂತಾದರೆ ಡೀಸೆಲ್ ಹೊರಗೆ ಜಿನುಗುತ್ತದೆ. ಈಚೆಗೆ, ಟ್ಯಾಂಕಿನ ಕಡೆಯ ಪೈಪಿನಲ್ಲಿ ಇರುವುದು ಎಳೆತ. ಅಲ್ಲಿ ತೂತಾದರೆ ಗಾಳಿ ಒಳಗೆ ಹೋಗುತ್ತದೆ, ಒಂದು ಹನಿಯೂ ಹೊರಗೆ ಕಾಣದಿರಬಹುದು. ನಿಂತಲ್ಲಿ ಓಡುವಾಗ ಪ್ರತಿ ಸಿಲಿಂಡರಿಗೆ ಹೋಗುವ ಡೀಸೆಲ್ ತೀರಾ ಕಡಿಮೆ. ಅದರಲ್ಲಿ ಗುಳ್ಳೆಯೊಂದು ಸೇರಿದರೆ ಆ ಸಲದ ಉರಿ ತಪ್ಪುತ್ತದೆ. ಲೋಡಿನಲ್ಲಿ ಹೋಗುವಾಗ ಡೀಸೆಲ್ ಹೆಚ್ಚು ಹರಿಯುವುದರಿಂದ ಅಷ್ಟೇ ಗಾಳಿ ಲೆಕ್ಕಕ್ಕೆ ಬರುವುದಿಲ್ಲ. ರಾತ್ರಿಯಿಡೀ ನಿಂತರೆ ಪೈಪಿನೊಳಗಿನ ಡೀಸೆಲ್ ಹಿಂದಕ್ಕೆ ಟ್ಯಾಂಕಿಗೆ ಇಳಿಯುತ್ತದೆ, ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸೋಲುತ್ತದೆ. ನಾನು ಹೇಳಿದ ಮೂರು ಲಕ್ಷಣಗಳೂ ಇದನ್ನೇ ಕೂಗಿ ಹೇಳುತ್ತಿದ್ದವು.

ಕ್ಯಾನಿಗೆ ಜೋಡಿಸಿದ ಮೇಲೂ ನಿಮ್ಮ ಗಾಡಿ ಬಿಕ್ಕಿದರೆ ಮುಂದಿನ ತಪಾಸಣೆ ಬೇರೆ. ಡೀಸೆಲ್ ಫಿಲ್ಟರ್ ಬದಲಿಸಿ, ಅದರ ತಳದ ನೀರು ಬಿಡಿ. ಕ್ಯಾನಿನಲ್ಲಿ ಡೀಸೆಲ್ ತಂದು ತುಂಬುವ ನಮ್ಮ ಊರುಗಳಲ್ಲಿ ನೀರು ಸೇರುವುದು ಅಪರೂಪವಲ್ಲ. ಆಮೇಲೆ ಎಂಜಿನ್ ಓಡುತ್ತಿರುವಾಗಲೇ ಒಂದೊಂದು ನಾಜಲಿನ ಪೈಪ್ ನಟ್ಟನ್ನು ಸ್ವಲ್ಪ ಸಡಿಲಿಸಿ ಬಿಗಿ ಮಾಡಲು ಹೇಳಿ. ಯಾವುದನ್ನು ಸಡಿಲಿಸಿದರೂ ಶಬ್ದ ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಅದರ ನಾಜಲನ್ನು ಪಕ್ಕದ ಸಿಲಿಂಡರಿಗೆ ಹಾಕಿಸಿ ನೋಡಿ. ದೋಷವೂ ಜೊತೆಗೆ ಹೋದರೆ ನಾಜಲ್ ಕೆಟ್ಟಿದೆ; ಹೋಗದೆ ಅಲ್ಲೇ ಉಳಿದರೆ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ), ಕಂಪ್ರೆಶನ್ ನೋಡಿಸಬೇಕು. ಸೈಲೆನ್ಸರಿನ ಶಬ್ದ ಒಂದೇ ಸಮನಾಗಿದ್ದು ಗಾಡಿ ಮಾತ್ರ ನಡುಗುತ್ತಿದ್ದರೆ ಎಂಜಿನ್ನನ್ನು ಚಾಸಿಗೆ ಕೂರಿಸುವ ಮೌಂಟಿಂಗಿನ ರಬ್ಬರ್ ನೋಡಿ.

ಈ ನಟ್ಟು ಸಡಿಲಿಸುವ ಕೆಲಸ ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಮಾತ್ರ. ಅಲ್ಲಿಯೂ ಬಟ್ಟೆ ಹಿಡಿದು, ಮುಖ ದೂರ ಇಟ್ಟುಕೊಂಡೇ ಮಾಡಬೇಕು. ಕಂಪ್ಯೂಟರ್ ನಿಯಂತ್ರಣದ ಹೊಸ ಕಾಮನ್ ರೈಲ್ ಎಂಜಿನ್ ಓಡುವಾಗ ಆ ಪೈಪುಗಳನ್ನು ಯಾವ ಕಾರಣಕ್ಕೂ ಸಡಿಲಿಸಬಾರದು. ಅಲ್ಲಿ ಒತ್ತಡ 1,000 ಬಾರ್ ಮೀರಬಹುದು, ಡೀಸೆಲ್ ಧಾರೆ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ. ಆ ಗಾಡಿಗಳಿಗೆ ಸ್ಕ್ಯಾನರ್ ಇಟ್ಟುಕೊಂಡವರೇ ಬೇಕು.

ನಾಜಲ್ ಕೆಟ್ಟಿದೆ ಎನ್ನುವವರು ಅದನ್ನು ಟೆಸ್ಟರಿಗೆ ಹಾಕಿ ನಿಮ್ಮ ಕಣ್ಣೆದುರೇ ತೋರಿಸಲಿ. ಸರಿಯಾದ ನಾಜಲ್ ಮಂಜಿನ ಹಾಗೆ ಸಿಂಪಡಿಸುತ್ತದೆ, ಕೆಟ್ಟದ್ದು ಹನಿ ಉದುರಿಸುತ್ತದೆ. ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ಬಿಲ್ಲಿನ ವಿಷಯವೂ ಅಷ್ಟೇ ಮುಖ್ಯ. ನನಗೆ ಕೊಟ್ಟದ್ದು ಗ್ಯಾರೇಜಿನ ಹೆಸರಿಲ್ಲದ ಬಿಳಿ ಚೀಟಿ. ಸ್ವಂತ ದುಡಿಮೆಗಾಗಿ ಗಾಡಿ ಓಡಿಸುವವರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರೇ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಹೆಸರಿಲ್ಲದ ಚೀಟಿಯ ಬಲ ಎಷ್ಟು! ಹಣವನ್ನು ಯುಪಿಐ ಮೂಲಕ ಕೊಟ್ಟಿದ್ದೆ. ಈಗ ಆ ದಾಖಲೆಯನ್ನೇ ಹಿಡಿದು ದೂರು ಬರೆಸುತ್ತಿದ್ದೇನೆ.

ಈಗಾಗಲೇ ಪಂಪ್ ಇಳಿಸಿ ಕೂರಿಸಿದ್ದಾರೆ, ಆಮೇಲಿಂದ ಎಂಜಿನ್ ಹೊಸದಾಗಿ ಗಟ್ಟಿಯಾಗಿ ಬಡಿಯುತ್ತಿದೆ ಅಥವಾ ಬಿಳಿ ಹೊಗೆ ಬಿಡುತ್ತಿದೆ ಎಂದಾದರೆ, ಬೇರೆ ಯಾವುದಕ್ಕೂ ಮೊದಲು ಪಂಪಿನ ಟೈಮಿಂಗ್ (ಡೀಸೆಲ್ ಬಿಡುವ ಸಮಯದ) ಗುರುತು ಕೂಡಿದೆಯೇ ಎಂದು ಬೇರೊಬ್ಬ ಮಿಸ್ತ್ರಿಯ ಬಳಿ ನೋಡಿಸಿ.