ಎಂಜಿನ್ ಬದಲಾದ ಕಾರಿನ ಎಸಿಗೆ ಗೇಜ್ ಸೆಟ್: ಮಡಿಕೇರಿಯ ಎತ್ತರದಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ?

ಕೊಡಗಿನಲ್ಲಿ ಕಾರಿಗೆ ಎಸಿ ಯಾಕೆ ಎನ್ನುವವರು ಜುಲೈ ಮಳೆಯಲ್ಲಿ ಒಮ್ಮೆ ಮಡಿಕೇರಿಯಿಂದ ಸಂಪಾಜೆಗೆ ಇಳಿದು ನೋಡಲಿ. ಮುಂದಿನ ಗಾಜಿನ ಒಳಗೆ ಕಟ್ಟುವ ಹಬೆ ಎಸಿ ಹಾಕದೆ ಬಿಡುವುದಿಲ್ಲ. ಎಂಜಿನ್ ಇಳಿಸಿ ಬೇರೆ ಕೂರಿಸಿದ ಗಾಡಿಗಳಲ್ಲಿ ಎಸಿ ಕೈಕೊಟ್ಟಿರುವುದು ಎಷ್ಟೋ ಸಲ ಗೊತ್ತಾಗುವುದೇ ಆಗ. ವರ್ಕ್‌ಶಾಪಿನಲ್ಲಿ ‘ಗ್ಯಾಸ್ ಹೊಡೆಸಿ, ಸರಿಹೋಗುತ್ತೆ’ ಎನ್ನುತ್ತಾರೆ. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ.

ಇಲ್ಲಿ ನೋಡುತ್ತಿರುವುದು ಆನ್‌ಲೈನಿನಲ್ಲಿ ಎರಡು–ಮೂರು ಸಾವಿರಕ್ಕೆ ಸಿಗುವ ಸಾದಾ ಆರ್-134ಎ (ಕಾರಿನ ಎಸಿಯಲ್ಲಿ ಓಡುವ ಗ್ಯಾಸ್) ಮ್ಯಾನಿಫೋಲ್ಡ್ ಗೇಜ್ ಸೆಟ್ಟನ್ನು, ಅಂದರೆ ಆ ಗ್ಯಾಸಿನ ಒತ್ತಡ ಅಳೆಯುವ ಉಪಕರಣವನ್ನು. ಎರಡು ಡಯಲ್, ಮೂರು ಹೋಸ್. ನೀಲಿ ಲೋ ಸೈಡಿಗೆ (ಕಡಿಮೆ ಒತ್ತಡದ ಪೈಪು), ಕೆಂಪು ಹೈ ಸೈಡಿಗೆ (ಹೆಚ್ಚು ಒತ್ತಡದ ಪೈಪು), ನಡುವಿನ ಹಳದಿ ಹೋಸ್ ಒಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪಿಗೆ ಅಥವಾ ಗ್ಯಾಸ್ ಡಬ್ಬಿಗೆ. ಪೈಪಿಗೆ ಸಿಕ್ಕಿಸುವ ಲೋ ಸೈಡ್ ಕಪ್ಲರ್ 13 ಎಂಎಂ, ಹೈ ಸೈಡಿನದು 16 ಎಂಎಂ. ಆದ್ದರಿಂದ ಅದಲುಬದಲಾಗುವ ಭಯವಿಲ್ಲ. ಹೊಸ ಕಾರುಗಳಲ್ಲಿ ಆರ್-1234ವೈಎಫ್ ಎಂಬ ಬೇರೆ ಗ್ಯಾಸ್ ಇದ್ದರೆ ಈ ಕಪ್ಲರ್ ಕೂರುವುದೇ ಇಲ್ಲ. ಬಾನೆಟ್ ಒಳಗಿನ ಸ್ಟಿಕ್ಕರ್ ಓದಿ ಕೊಳ್ಳಿ.

ಸೆಟ್ ಒಳ್ಳೆಯದೇ. ಆದರೆ ಎಂಜಿನ್ ಬದಲಾದ ಗಾಡಿಗೆ ಇದು ಎರಡನೆಯ ಉಪಕರಣ. ಮೊದಲು ಬೇಕಾದದ್ದು ಮಲ್ಟಿಮೀಟರ್.

ಎಸಿ ಬಟನ್ ಒತ್ತಿದಾಗ ಕಂಪ್ರೆಸರ್ ಕ್ಲಚ್ (ಗ್ಯಾಸ್ ಒತ್ತುವ ಕಂಪ್ರೆಸರನ್ನು ಎಂಜಿನ್ ಬೆಲ್ಟಿಗೆ ಜೋಡಿಸುವ ಭಾಗ) ‘ಟಕ್’ ಎಂದು ಕಚ್ಚದಿದ್ದರೆ ಡಯಲ್ ನೋಡಿ ತಿಳಿಯುವುದು ಒಂದೇ: ಒಳಗೆ ಗ್ಯಾಸ್ ಇದೆಯೋ ಇಲ್ಲವೋ. 20 ಡಿಗ್ರಿ ಹವೆಯಲ್ಲಿ ನಿಂತ ಗಾಡಿಯ ಎರಡೂ ಮುಳ್ಳು ಸುಮಾರು 70 ಪಿಎಸ್‌ಐನಲ್ಲಿ ನಿಂತಿದ್ದರೆ ಗ್ಯಾಸ್ ಇದೆ ಎಂದರ್ಥ. ಎಷ್ಟಿದೆ ಎಂದಲ್ಲ. ಒಳಗೆ ಸ್ವಲ್ಪವೇ ದ್ರವ ಉಳಿದಿದ್ದರೂ ಮುಳ್ಳು ಅಷ್ಟೇ ತೋರಿಸುತ್ತದೆ. ಗ್ಯಾಸ್ ಇದ್ದೂ ಕ್ಲಚ್ ಕಚ್ಚದಿದ್ದರೆ ವೈರಿಂಗ್ ಕಡೆ ತಿರುಗಿ. ಒಂಟಿ ವೈರಿನ ಕ್ಲಚ್‌ಗಳಿಗೆ ಅರ್ಥಿಂಗ್ ಸಿಗುವುದು ಕಂಪ್ರೆಸರ್ ಬಾಡಿಯಿಂದ, ಅದಕ್ಕೆ ಎಂಜಿನ್‌ನಿಂದ. ಎಂಜಿನ್ ಇಳಿಸುವಾಗ ಬಿಚ್ಚಿದ ಅರ್ಥಿಂಗ್ ಪಟ್ಟಿಯನ್ನು ಪೇಂಟ್ ಮೇಲೆಯೇ ಬಿಗಿದಿರುತ್ತಾರೆ, ಇಲ್ಲವೆ ಬಿಗಿಯುವುದನ್ನೇ ಮರೆತಿರುತ್ತಾರೆ. ಎಸಿ ಆನ್ ಇಟ್ಟು ಮೀಟರಿನ ಒಂದು ಮೊನೆ ಕಂಪ್ರೆಸರ್ ಬಾಡಿಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ ಹಿಡಿಯಿರಿ. 0.2 ವೋಲ್ಟ್‌ಗಿಂತ ಹೆಚ್ಚು ಬಂದರೆ ಪಟ್ಟಿ ಬಿಚ್ಚಿ, ಕೆರೆದು, ಮತ್ತೆ ಬಿಗಿಯಿರಿ. ಕ್ಲಚ್ ಕಾಯಿಲ್ ಸಾಮಾನ್ಯವಾಗಿ 3ರಿಂದ 5 ಓಮ್ ತೋರಿಸಬೇಕು. ಕ್ಲಚ್ ಪ್ಲೇಟಿನ ಅಂತರ ಹೆಚ್ಚಾಗಿದ್ದರೆ ತಣ್ಣಗಿದ್ದಾಗ ಕಚ್ಚಿ ಬಿಸಿಯಾದಾಗ ಬಿಡುತ್ತದೆ. ಫೀಲರ್ ಗೇಜಿನಲ್ಲಿ 0.3–0.6 ಎಂಎಂ ಆಸುಪಾಸು ಇರಲಿ. ಒತ್ತಡ ನೋಡಿ ಕ್ಲಚ್ ಕಚ್ಚಲು ಬಿಡುವ ಪ್ರೆಶರ್ ಸ್ವಿಚ್ಚಿನ ಸಾಕೆಟ್ ಹಾಕದೆ ಬಿಟ್ಟಿರುವುದೂ ಉಂಟು.

ಕ್ಲಚ್ ಕಚ್ಚಿಯೂ ತಂಪು ಬಾರದಿದ್ದರೆ ಆಗ ಗೇಜ್ ಸೆಟ್ ಕೊಟ್ಟ ದುಡ್ಡು ವಸೂಲು. ಎಂಜಿನ್ 1500 ಆರ್‌ಪಿಎಂನಲ್ಲಿ, ಬ್ಲೋವರ್ ಪೂರ್ತಿ, ಬಾಗಿಲು ತೆರೆದು ಓದಬೇಕು. ಮಡಿಕೇರಿಯ 22 ಡಿಗ್ರಿಗೆ ಲೋ ಸೈಡ್ 25–35, ಹೈ ಸೈಡ್ 140–180 ಪಿಎಸ್‌ಐ ಬಂದರೆ ಸಾಕು. ಏಪ್ರಿಲ್‌ನಲ್ಲಿ ಕುಶಾಲನಗರದ 34 ಡಿಗ್ರಿಗೆ ಹೈ ಸೈಡ್ 200–240 ಇದ್ದರೂ ಸರಿಯೇ. ಬಯಲುಸೀಮೆಯ ಲೆಕ್ಕವನ್ನು ಮಡಿಕೇರಿಯಲ್ಲಿ ಹಿಡಿದು ‘ಹೈ ಸೈಡ್ ಕಮ್ಮಿ’ ಎಂದು ಗ್ಯಾಸ್ ತುಂಬುತ್ತಾ ಹೋದರೆ ಘಟ್ಟ ಇಳಿದು ಸುಳ್ಯ ಮುಟ್ಟುವಾಗ ಒತ್ತಡ ಮಿತಿಮೀರಿ ಎಸಿ ಕಟಾಫ್ ಆಗುತ್ತದೆ.

ಲೋ ಏರಿ ಹೈ ಇಳಿದಿದ್ದರೆ ಹೊಸ ಎಂಜಿನ್ ಜೊತೆ ಬಂದ ಕಂಪ್ರೆಸರ್ ಸವೆದಿದೆ. ಲೋ ಸೈಡ್ ಸೊನ್ನೆಗಿಂತ ಕೆಳಗೆ ಜಾರಿ, ಎಸಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ ತಾನೇ ಸರಿಹೋಗುತ್ತಿದ್ದರೆ ಒಳಗೆ ನೀರಿನ ಅಂಶ ಹೊಕ್ಕು, ಗ್ಯಾಸ್ ಹಾದು ತಣ್ಣಗಾಗುವ ಎಕ್ಸ್‌ಪ್ಯಾನ್ಷನ್ ವಾಲ್ವ್‌ನಲ್ಲಿ ಹಿಮಗಟ್ಟುತ್ತಿದೆ. ಕೊಡಗಿನಲ್ಲಿ ಇದು ಹೆಚ್ಚು, ಏಕೆಂದರೆ ಎಂಜಿನ್ ಕೆಲಸ ಮುಗಿಯುವವರೆಗೆ ಪೈಪುಗಳ ಬಾಯಿ ಮಳೆಗಾಲದ ಗಾಳಿಗೆ ತೆರೆದೇ ಇರುತ್ತದೆ. ಬಾಯಿಗೆ ಪ್ಲಾಸ್ಟಿಕ್ ಕಟ್ಟಲು ಯಾರಿಗೂ ನೆನಪಾಗುವುದಿಲ್ಲ. ಹಾಗೆ ತೆರೆದಿಟ್ಟ ಗಾಡಿಯ ರಿಸೀವರ್ ಡ್ರೈಯರ್ (ತೇವ ಹೀರುವ ಭಾಗ) ಮುಗಿದಂತೆ. ಅದನ್ನೂ ಬಿಚ್ಚಿದ ಜಾಗದ ಓ-ರಿಂಗುಗಳನ್ನೂ ಬದಲಾಯಿಸದೆ ಗ್ಯಾಸ್ ತುಂಬುವುದು ದಂಡ. ಎರಡೂ ಮುಳ್ಳು ಮೇಲೇರಿ, ಗಾಡಿ ಓಡುವಾಗ ಮಾತ್ರ ಇಳಿದರೆ ಗ್ರಿಲ್ಲಿನ ಹಿಂದಿನ ಕಂಡೆನ್ಸರಿಗೆ (ಗ್ಯಾಸಿನ ಬಿಸಿ ಹೊರಬಿಡುವ ಜಾಲರಿ) ಗಾಳಿ ಕೊಡುವ ಫ್ಯಾನ್ ನೋಡಿ. ಸಾಕೆಟ್ ಕತ್ತರಿಸಿ ವೈರ್ ಅದಲುಬದಲು ಜೋಡಿಸಿದ್ದರೆ ಫ್ಯಾನ್ ತಿರುಗುತ್ತಿರುತ್ತದೆ, ಆದರೆ ಗಾಳಿ ಎಂಜಿನ್ ಕಡೆಯಿಂದ ಹೊರಕ್ಕೆ. ಗ್ರಿಲ್ಲಿನ ಮುಂದೆ ಒಂದು ಹಾಳೆ ಹಿಡಿದರೆ ಒಳಕ್ಕೆ ಎಳೆಯಬೇಕು, ದೂಡಬಾರದು.

ಸೆಟ್ ಬಗ್ಗೆ ಬರುವ ದೊಡ್ಡ ದೂರು: ‘ವ್ಯಾಕ್ಯೂಮ್ 30 ಇಂಚಿಗೆ ಹೋಗುವುದೇ ಇಲ್ಲ, ಗೇಜ್ ಡೂಪ್ಲಿಕೇಟ್.’ ದೂರು ತಪ್ಪು. ಈ ಡಯಲ್ ಅಳೆಯುವುದು ಸುತ್ತಲಿನ ಗಾಳಿಗೆ ಹೋಲಿಸಿ. 30 ಇಂಚು (ಪಾದರಸದ ಇಂಚು) ಸಮುದ್ರಮಟ್ಟದ ಲೆಕ್ಕ. ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಎಂಥ ಪಂಪ್ ಹಾಕಿದರೂ ಮುಳ್ಳು 26ರ ಆಸುಪಾಸು ನಿಲ್ಲುತ್ತದೆ, ಕುಶಾಲನಗರದಲ್ಲಿ 27. ಅದನ್ನು 30ಕ್ಕೆ ತರಲು ಸೊನ್ನೆಯ ಸ್ಕ್ರೂ ತಿರುಗಿಸಿದರೆ ಮುಂದಿನ ಓದುಗಳೆಲ್ಲ ಹಾಳು. ಡಯಲಿನ ಒಳವೃತ್ತದ ಉಷ್ಣತೆಯ ಗೆರೆಯೂ ಸಮುದ್ರಮಟ್ಟದ್ದೇ. ಲೋ ಸೈಡಿನಲ್ಲಿ ನಿಜವಾದ ಉಷ್ಣತೆ ಅದು ತೋರಿಸುವುದಕ್ಕಿಂತ ಒಂದು ಡಿಗ್ರಿಯಷ್ಟು ಕಡಿಮೆ.

ವ್ಯಾಕ್ಯೂಮ್ ಎಳೆಯುವ ಹೊತ್ತೂ ಇಲ್ಲಿ ಬೇರೆ. ಮಳೆಗಾಲದಲ್ಲಿ ಪೈಪುಗಳೇ 18–20 ಡಿಗ್ರಿಯಲ್ಲಿರುತ್ತವೆ, ಒಳಗಿನ ನೀರು ಸುಲಭಕ್ಕೆ ಆವಿಯಾಗುವುದಿಲ್ಲ. ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಬಾನೆಟ್ ಮುಚ್ಚಿ, ಒಂದು ಗಂಟೆ ಎಳೆಯಿರಿ. ಪಂಪಿನ ಎಣ್ಣೆ ಹಾಲಿನಂತೆ ಬಿಳಿಚಿದರೆ ಬದಲಾಯಿಸಿ. ಆಮೇಲೆ ವಾಲ್ವ್ ಮುಚ್ಚಿ 20 ನಿಮಿಷ ಮುಳ್ಳು ಅಲುಗಬಾರದು. ಅಲುಗಿದರೆ ಮೊದಲು ಹೋಸ್ ತುದಿಯ ರಬ್ಬರ್ ವಾಷರ್ ನೋಡಿ. ಈ ಬೆಲೆಯ ಸೆಟ್ಟುಗಳಲ್ಲಿ ಸೋರುವುದು ಅಲ್ಲೇ. ಲೀಕ್ ಹುಡುಕಲು ನೈಟ್ರೋಜನ್ 150 ಪಿಎಸ್‌ಐವರೆಗೆ ರೆಗ್ಯುಲೇಟರ್ ಮೂಲಕ ಹಾಕಿ ಸೋಪಿನ ನೀರು ಹಚ್ಚಬಹುದು. ಪಂಚರ್ ಅಂಗಡಿಯ ಗಾಳಿ ಮಾತ್ರ ಬೇಡ: ತೇವವೂ ಹೋಗುತ್ತದೆ, ಉಳಿದ ಗ್ಯಾಸ್ ಜೊತೆ ಒತ್ತಡದಲ್ಲಿ ಬೆರೆತರೆ ಬೆಂಕಿಯ ಅಪಾಯವೂ ಇದೆ.

ಗ್ಯಾಸನ್ನು ಮುಳ್ಳು ನೋಡಿ ತುಂಬಬೇಡಿ, ತೂಕ ಮಾಡಿ ತುಂಬಿ. ಸಣ್ಣ ಕಾರುಗಳಿಗೆ 350ರಿಂದ 500 ಗ್ರಾಂ ಒಳಗೆ ಇರುತ್ತದೆ, ಸರಿಯಾದ ಅಂಕೆ ಸ್ಟಿಕ್ಕರಿನಲ್ಲಿದೆ. ಡಬ್ಬಿಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟರೂ ನಡೆಯುತ್ತದೆ. ಎಂಜಿನ್ ಓಡುವಾಗ ಕೆಂಪು ವಾಲ್ವ್ ತೆರೆಯಲೇಬಾರದು. ಹೈ ಸೈಡಿನ ಒತ್ತಡ ಡಬ್ಬಿಗೆ ನುಗ್ಗಿ ಡಬ್ಬಿ ಸಿಡಿಯುತ್ತದೆ. ಬದಲಿ ಕಂಪ್ರೆಸರ್ ಆದರೆ ಅದರ ಎಣ್ಣೆ ಬಸಿದು ಅಳೆದು, ಕಂಪನಿ ಹೇಳಿದ ದರ್ಜೆಯದನ್ನೇ ಹಾಕಿ. ಪ್ಯಾಗ್ 46 ದರ್ಜೆಯ ಎಣ್ಣೆ ಬೇಕಾದಲ್ಲಿ ಪ್ಯಾಗ್ 100 ಬೇಡ. ಬಸಿದ ಎಣ್ಣೆ ಕಪ್ಪಾಗಿ ಲೋಹದ ಪುಡಿ ಹೊಳೆಯುತ್ತಿದ್ದರೆ ಕಂಡೆನ್ಸರನ್ನೂ ಬದಲಾಯಿಸುವುದೇ ದಾರಿ. ಅದರ ಸಣ್ಣ ಕೊಳವೆಗಳು ಫ್ಲಶ್‌ಗೆ ಬಗ್ಗುವುದಿಲ್ಲ.

ಸೆಟ್ಟಿಗೆ ಕಾಣದ ದೋಷಗಳೂ ಇವೆ. ಎರಡೂ ಒತ್ತಡ ಸರಿಯಿದ್ದು ಗಾಳಿ ಮಾತ್ರ ಬೆಚ್ಚಗಿದ್ದರೆ ಹೀಟರ್ ಕೇಬಲ್ ತಪ್ಪಾಗಿ ಸಿಕ್ಕಿಸಿದ್ದಾರೆಯೇ ನೋಡಿ. ಹೀಟರ್ ಹೋಸ್ ಒಂದು ನಿಮಿಷ ಅದುಮಿ ಹಿಡಿದಾಗ ಗಾಳಿ ತಣ್ಣಗಾದರೆ ದೋಷ ಅಲ್ಲಿದೆ. ಸಂಪಾಜೆ ಘಾಟಿಯ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಕ್ಲಚ್ ಬಿಟ್ಟು, ಕಾಲು ಸಡಿಲಿಸಿದ ಕೂಡಲೇ ಕಚ್ಚಿದರೆ ಅದು ದೋಷವೇ ಅಲ್ಲ. ಅನೇಕ ಗಾಡಿಗಳ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಂಜಿನ್‌ಗೆ ಶಕ್ತಿ ಉಳಿಸಲು ಹಾಗೆ ಮಾಡುತ್ತದೆ. ಕೂಲೆಂಟ್ ಅತಿಯಾಗಿ ಬಿಸಿಯಾದರೂ ಅದೇ ಇಸಿಯು ಎಸಿ ಕಡಿಯುತ್ತದೆ, ಹಾಗಾಗಿ ಹೊಸ ಎಂಜಿನ್‌ನ ಟೆಂಪರೇಚರ್ ಸೆನ್ಸರ್ ಹಳೆಯದರಂಥದ್ದೇ ಹೌದೋ ನೋಡಿ.

ಐದಕ್ಕೆ ಮೂರೂವರೆ ಅಂಕ. ಒಂದೇ ಗಾಡಿಯವರು ಈ ದುಡ್ಡಿಗೆ ಒಳ್ಳೆಯ ಮಲ್ಟಿಮೀಟರ್ ಮತ್ತು ಹೊಸ ಡ್ರೈಯರ್ ತೆಗೆದುಕೊಂಡು, ವ್ಯಾಕ್ಯೂಮ್ ಕೆಲಸವನ್ನು ಪಂಪ್ ಇರುವವರಿಗೆ ಬಿಡಲಿ. ತೋಟದಲ್ಲಿ ಮೂರ್ನಾಲ್ಕು ಗಾಡಿ ಇಟ್ಟುಕೊಂಡವರು ಕೊಳ್ಳಬಹುದು, ಆದರೆ ಹೋಸ್ ತುದಿಯ ವಾಷರುಗಳ ಒಂದು ಪೊಟ್ಟಣವನ್ನೂ ಜೊತೆಗೇ ತರಿಸಲಿ.