ನೆಲನೆಲ್ಲಿಯನ್ನು ಲ್ಯಾಬಿಗೆ ಕೊಟ್ಟೆ: ಯಾವ ಟೆಸ್ಟಿಗೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಸಾಗರದ ಹತ್ತಿರದ ನಮ್ಮೂರಲ್ಲಿ ಅಮ್ಮ ಕಾಮಾಲೆಗೆ ನೆಲನೆಲ್ಲಿ ಕೊಡುತ್ತಾರೆ. ಮೊದಲು ಅಜ್ಜಿ ಕೊಡುತ್ತಿದ್ದರು. ದುಡ್ಡು ತಗೊಳ್ಳಲ್ಲ, ತಗೊಂಡರೆ ಔಷಧಿ ಹತ್ತಲ್ಲ ಅನ್ನೋ ನಂಬಿಕೆ. ಹಸಿ ಗಿಡ ಸಿಕ್ಕರೆ ಬೇರು ಸಮೇತ ಅರೆದು ಮಜ್ಜಿಗೆಯಲ್ಲಿ, ಬೇಸಿಗೆಯಾದರೆ ನೆರಳಲ್ಲಿ ಒಣಗಿಸಿಟ್ಟ ಪುಡಿ. ಹೋದ ವರ್ಷ ಬೆಂಗಳೂರಿಂದ ಬಂದವರೊಬ್ಬರು ಪುಡಿ ಕಟ್ಟಿಸಿಕೊಳ್ಳುವಾಗ "ಇದನ್ನ ಎಲ್ಲಾದ್ರೂ ಟೆಸ್ಟ್ ಮಾಡ್ಸಿದ್ದೀರಾ?" ಅಂತ ಕೇಳಿದರಂತೆ. ರಾತ್ರಿ ಅಮ್ಮ ಫೋನ್ ಮಾಡಿ, "ಮಾಡ್ಸೋಕಾಗುತ್ತಾ ನೋಡೋ" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕು ಅನ್ನೋ ಆಸೆ ಇತ್ತು.

ಹಾಗಾಗಿ ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಲ್ಯಾಬಿಗೆ ಹೋದೆ. ಗಿಡಮೂಲಿಕೆಗಳನ್ನೇ ಹೆಚ್ಚಾಗಿ ಪರೀಕ್ಷಿಸುವ ಲ್ಯಾಬ್ ಅದು. ಹೆಸರು ಬರೆಯುತ್ತಿಲ್ಲ. ಅವರಿಂದ ಒಂದು ತಪ್ಪಾಯಿತು, ಒಪ್ಪಿಕೊಂಡು ಸರಿಮಾಡಿದರು, ಅಷ್ಟಾದ ಮೇಲೆ ಹೆಸರು ಎಳೆಯೋದು ನ್ಯಾಯ ಅಲ್ಲ ಅನ್ನಿಸಿತು. ಆದರೆ ಇಂಥ ಲ್ಯಾಬಿಗೆ ಹೋಗುವ ಬೇರೆಯವರಿಗೆ ಉಪಯೋಗವಾಗಲಿ ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಎರಡು ಪೊಟ್ಟಣ ಕೊಟ್ಟೆ. ಒಂದು ಅಮ್ಮ ಒಣಗಿಸಿದ್ದು, ಇನ್ನೊಂದು ಗ್ರಂಧಿಗೆ ಅಂಗಡಿಯಲ್ಲಿ ಕೊಂಡದ್ದು. ಪುಡಿ ಮಾಡದೆ ಇಡೀ ಗಿಡ ತನ್ನಿ ಅಂತ ಅವರು ಮೊದಲೇ ಹೇಳಿದ್ದರು. ಯಾಕೆ ಅಂತ ಅಲ್ಲಿ ಹೋದ ಮೇಲೆ ಗೊತ್ತಾಯಿತು. ಅಲ್ಲಿನ ಸಸ್ಯಶಾಸ್ತ್ರದ ಮೇಡಂ ಒಣಗಿದ ಗಿಡಗಳನ್ನು ಬಿಸಿನೀರಲ್ಲಿ ಹಾಕಿ, ಎಲೆ ಬಿಚ್ಚಿಕೊಂಡ ಮೇಲೆ ಒಂದೊಂದನ್ನೇ ಚಿಮಟದಲ್ಲಿ ಎತ್ತಿ ಮಸೂರದ ಕೆಳಗಿಟ್ಟರು. ನನ್ನನ್ನೂ ಕರೆದು ತೋರಿಸಿದರು. ಎಲೆಗಳ ಅಡಿಯಲ್ಲಿ ಸಾಸಿವೆಯಷ್ಟು ದಪ್ಪದ ಕಾಯಿ, ಅದಕ್ಕೆ ಕೂದಲೆಳೆಯಂಥ ತೊಟ್ಟು, ಮೈ ನುಣುಪು. ಇದು ಫಿಲಾಂಥಸ್ ಅಮಾರಸ್, ನಮ್ಮ ಕಡೆಯ ನೆಲನೆಲ್ಲಿ. ಆಮೇಲೆ ಅಂಗಡಿಯ ಕಟ್ಟಿನಿಂದ ಮೂರು ಗಿಡ ಬೇರೆ ಮಾಡಿದರು. ಕಾಂಡ ಕೆಂಪಗಿತ್ತು. ಕಾಯಿಗೆ ತೊಟ್ಟೇ ಇಲ್ಲ ಅನ್ನೋ ಹಾಗೆ ಕಡ್ಡಿಗೆ ಅಂಟಿಕೊಂಡಿತ್ತು, ಮೈಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ. "ಇದು ಯುರಿನೇರಿಯಾ, ಬೇರೆ ಜಾತಿ" ಅಂದರು. ಸಂಜೆ ಅಮ್ಮನಿಗೆ ಹೇಳಿದೆ. "ಅದು ಕೆಂಪು ನೆಲನೆಲ್ಲಿ, ನಾವು ಕೀಳೋದೇ ಇಲ್ಲ" ಅಂದರು.

ಈ ಗುರುತು ಹಿಡಿಯುವ ಕೆಲಸ ಇದೆಯಲ್ಲ, ಇಡೀ ಬಿಲ್ಲಿನಲ್ಲಿ ಅತಿ ಕಡಿಮೆ ದುಡ್ಡಿನದು, ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಬಾಳುವುದೂ ಅದೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ದಕ್ಷಿಣ ಭಾರತದ 25 ಅಂಗಡಿಗಳಿಂದ ನೆಲನೆಲ್ಲಿ ತಂದು ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದ್ದರು. ಒಂದೇ ಹೆಸರಲ್ಲಿ ಆರು ಜಾತಿಯ ಗಿಡ ಸಿಕ್ಕಿದ್ದವು. ಶೇ 76ರಷ್ಟು ಅಂಗಡಿಗಳಲ್ಲಿ ಹೆಚ್ಚೂಕಮ್ಮಿ ಪೂರ್ತಿ ಅಮಾರಸ್ಸೇ ಇತ್ತು, ಉಳಿದ ಕಡೆ ಬೇರೆ ಐದು ಜಾತಿಗಳು. ಗಿಡವೇ ಬೇರೆಯಾದರೆ ಮುಂದಿನ ಯಾವ ಟೆಸ್ಟ್ ಮಾಡಿಸಿ ಏನು ಪ್ರಯೋಜನ? ಇನ್ನೊಂದು ವಿಷಯ. ಆಯುರ್ವೇದ ಫಾರ್ಮಕೋಪಿಯಾದಲ್ಲಿ, ಅಂದರೆ ಔಷಧಿಗಳ ಮಾನದಂಡ ಹೇಳುವ ಅಧಿಕೃತ ಪುಸ್ತಕದಲ್ಲಿ, ತಾಮಲಕಿ (ನೆಲನೆಲ್ಲಿಯ ಸಂಸ್ಕೃತ ಹೆಸರು) ಅಂತ ಕೊಟ್ಟಿರುವುದು ಫಿಲಾಂಥಸ್ ಫ್ರಾಟರ್ನಸ್ ಅನ್ನುವ ಜಾತಿಯನ್ನು. ಹಾಗಾಗಿ ನಿಮ್ಮ ಗಿಡವನ್ನು ಯಾವ ಮಾನದಂಡಕ್ಕೆ ಹೋಲಿಸುತ್ತಾರೆ ಅಂತ ಸ್ಯಾಂಪಲ್ ಕೊಡುವ ಮೊದಲೇ ಕೇಳಿ. ನಾನು ಕೇಳಿದ್ದಕ್ಕೆ ಮೇಡಂ ಕೂತು ವಿವರವಾಗಿ ಹೇಳಿದರು.

ಎಚ್‌ಪಿಟಿಎಲ್‌ಸಿ ಮಾಡಿಸಿದ್ದೂ ಒಳ್ಳೆಯದಾಯಿತು. ಗಿಡದ ರಸವನ್ನು ಒಂದು ತಗಡಿನ ಮೇಲೆ ಗೆರೆಗೆರೆಯಾಗಿ ಹಾಕಿ ದ್ರಾವಣದಲ್ಲಿ ನಿಲ್ಲಿಸುತ್ತಾರೆ, ದ್ರಾವಣ ಮೇಲೇರುತ್ತಾ ಒಳಗಿನ ಅಂಶಗಳನ್ನು ಬೇರೆ ಬೇರೆ ಎತ್ತರಕ್ಕೆ ಕೊಂಡೊಯ್ಯುತ್ತದೆ, ನೇರಳಾತೀತ ಬೆಳಕಲ್ಲಿ ನೋಡಿದರೆ ಸೀರೆ ಅಂಚಿನ ಹಾಗೆ ಪಟ್ಟೆಪಟ್ಟೆ. ಫಿಲಾಂಥಿನ್, ಹೈಪೊಫಿಲಾಂಥಿನ್ ಅನ್ನುವ ಎರಡು ಅಂಶಗಳನ್ನು ಇಲ್ಲಿ ಗುರುತಾಗಿ ಇಟ್ಟುಕೊಳ್ಳುತ್ತಾರೆ. ಅಮ್ಮನ ಸ್ಯಾಂಪಲ್‌ನಲ್ಲಿ ಆ ಪಟ್ಟೆ ಗಟ್ಟಿಯಾಗಿತ್ತು, ಅಂಗಡಿಯದರಲ್ಲಿ ಮಂಕು. ಫಿಲಾಂಥಿನ್ ಇರುವುದು ಹೆಚ್ಚಾಗಿ ಎಲೆಯಲ್ಲಿ, ಕಾಂಡದಲ್ಲಿ ಕಡಿಮೆ. ಅಂಗಡಿಯ ಕಟ್ಟಲ್ಲಿ ಬರೀ ಕಡ್ಡಿಯೇ ಜಾಸ್ತಿ ಇತ್ತು, ಎಲೆ ಉದುರಿಹೋಗಿತ್ತು.

ಈಗ ತಪ್ಪಿನ ವಿಷಯ. ರಿಪೋರ್ಟ್ ಬಂದಾಗ ಅಮ್ಮನ ಸ್ಯಾಂಪಲ್‌ನಲ್ಲಿ ಆಮ್ಲದಲ್ಲಿ ಕರಗದ ಬೂದಿ ಜಾಸ್ತಿ ಅಂತ ಬಂದಿತ್ತು. ಗಿಡವನ್ನು ಸುಟ್ಟು, ಬೂದಿಯನ್ನು ಆಮ್ಲದಲ್ಲಿ ಕುದಿಸಿದ ಮೇಲೂ ಏನು ಉಳಿಯುತ್ತದೋ ಅದು. ಅಂದರೆ ಹೆಚ್ಚಿನಂಶ ಮಣ್ಣು, ಮರಳು. ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಮೂರು ನೀರಲ್ಲಿ ತೊಳೆದಿದ್ದೀನಿ ಕಣೋ, ಮರಳೆಲ್ಲಿಂದ ಬರುತ್ತೆ? ಇನ್ನೊಂದ್ಸಲ ನೋಡೋಕೆ ಹೇಳು" ಅಂದರು. ಲ್ಯಾಬಿಗೆ ಫೋನ್ ಮಾಡಿದರೆ ಮೊದಲು ಕೌಂಟರಿನವರು "ಮೆಷಿನ್ ರಿಪೋರ್ಟ್ ಸರ್, ತಪ್ಪಿರಲ್ಲ" ಅಂದರು. ಬೂದಿ ಟೆಸ್ಟಿಗೆ ಯಾವ ಮೆಷಿನ್? ಕೈಯಲ್ಲಿ ಮಾಡೋದೇ ಅಲ್ವಾ? ಮೇಡಂ ಹತ್ತಿರವೇ ಮಾತಾಡಬೇಕು ಅಂತ ಹಟ ಹಿಡಿದೆ. ಅವರು ಎತ್ತಿಟ್ಟಿದ್ದ ಸ್ಯಾಂಪಲ್‌ನಿಂದ ಮತ್ತೆ ಮಾಡಿಸಿದರು. ಗಿಡ ಸುಡುವ ಎರಡು ಮೂಸೆಗಳ (ಬಟ್ಟಲುಗಳ) ನಂಬರ್ ಅದಲು ಬದಲಾಗಿತ್ತು. ಮರಳು ಇದ್ದದ್ದು ಅಂಗಡಿಯದರಲ್ಲಿ. ಹೊಸ ರಿಪೋರ್ಟ್ ಕೊಟ್ಟರು, ದುಡ್ಡು ಕೇಳಲಿಲ್ಲ, ಕ್ಷಮೆ ಕೇಳಿದರು. ಅಮ್ಮ ಹಾಗೆ ಗಟ್ಟಿಯಾಗಿ ಹೇಳದಿದ್ದರೆ ನಾನು ಆ ಕಾಗದವನ್ನೇ ನಂಬಿಬಿಡುತ್ತಿದ್ದೆ, ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಅಮ್ಮನಿಗೆ ಕಾಣದೇ ಇದ್ದದ್ದನ್ನು ಲ್ಯಾಬ್ ತೋರಿಸಿದ್ದೂ ಇದೆ. ನಮ್ಮ ನೆಲನೆಲ್ಲಿ ಬೆಳೆಯುವುದು ಅಡಿಕೆ ತೋಟದೊಳಗೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತಾರೆ, ಅಂದರೆ ಮೈಲುತುತ್ತು (ತಾಮ್ರದ ಲವಣ) ಮತ್ತು ಸುಣ್ಣ. ಅಡಿಕೆ ಗೊನೆಗೆ ಹೊಡೆದದ್ದು ಕೆಳಗಿನ ಗಿಡಗಳ ಮೇಲೂ ಸುರಿಯುತ್ತದೆ, ನೆಲನೆಲ್ಲಿ ಕೀಳುವುದೂ ಅದೇ ಹೊತ್ತಿಗೆ. ಲ್ಯಾಬಿನ ಲೋಹದ ಪ್ಯಾಕೇಜಿನಲ್ಲಿ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸ ನಾಲ್ಕೇ ಇರುವುದು. ಮಿತಿ ಕ್ರಮವಾಗಿ 10, 3, 0.3 ಮತ್ತು 1 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು). ನಾಲ್ಕರಲ್ಲೂ ನಮ್ಮ ಗಿಡ ಪಾಸಾಯಿತು. ತಾಮ್ರವನ್ನು ನಾನೇ ಕೇಳಿ, ಬೇರೆ ದುಡ್ಡು ಕೊಟ್ಟು ಸೇರಿಸಿದೆ. ಅಂಗಡಿಯ ಗಿಡಕ್ಕಿಂತ ನಮ್ಮದರಲ್ಲಿ ತಾಮ್ರ ಎಷ್ಟೋ ಪಾಲು ಜಾಸ್ತಿ ಬಂತು. ಮೂರು ನೀರಲ್ಲಿ ತೊಳೆದರೂ ಹೋಗಿರಲಿಲ್ಲ. ಮಲೆನಾಡಿನಲ್ಲಿ ತೋಟದ ಸೊಪ್ಪು, ಒಂದೆಲಗ, ನೆಲನೆಲ್ಲಿ ಕಿತ್ತು ಔಷಧಿಗೆ ಒಣಗಿಸುವವರು ದಯವಿಟ್ಟು ಇದನ್ನು ಗಮನಿಸಿ. ಕೇಳದಿದ್ದರೆ ಯಾರೂ ತಾಮ್ರ ನೋಡಲ್ಲ.

ನನಗೆ ತುಂಬಾ ಬೇಸರ ತಂದದ್ದು 'ಔಷಧೀಯ ಗುಣ'ದ ಪ್ಯಾಕೇಜ್. ಕೌಂಟರಿನಲ್ಲಿ "ಇದು ಮಾಡ್ಸಿದ್ರೆ ಲಿವರಿಗೆ ಒಳ್ಳೇದು ಅಂತ ಪ್ರೂಫ್ ಸಿಗುತ್ತೆ" ಅಂದರು, ನಾನು ಒಪ್ಪಿಕೊಂಡೆ. ಮಾಡಿದ್ದು ಡಿಪಿಪಿಎಚ್ ಅನ್ನುವ ಟೆಸ್ಟ್. ಗಾಢ ನೇರಳೆ ದ್ರಾವಣಕ್ಕೆ ಗಿಡದ ರಸ ಬಿಟ್ಟರೆ ಬಣ್ಣ ಇಳಿದು ಹಳದಿಯಾಗುತ್ತದೆ. ಎಷ್ಟು ಇಳಿಯಿತು ಅಂತ ಅಳೆದು ಆಂಟಿಆಕ್ಸಿಡೆಂಟ್ ಶಕ್ತಿ ಇಷ್ಟು ಅನ್ನುತ್ತಾರೆ. ನೋಡೋಕೆ ಚೆನ್ನಾಗಿದೆ. ಆದರೆ ಮೇಡಂ ಬಳಿ ಇದರಿಂದ ಕಾಮಾಲೆಗೆ ಏನು ಗೊತ್ತಾಗುತ್ತೆ ಅಂತ ಕೇಳಿದಾಗ, "ಚಹಾ ಹಾಕಿದ್ರೂ ಹಳದಿ ಆಗುತ್ತೆ" ಅಂತ ನೇರವಾಗಿ ಹೇಳಿದರು. ಆ ಮಾತನ್ನು ದುಡ್ಡು ಕಟ್ಟುವ ಮೊದಲು ಹೇಳಬೇಕಿತ್ತು. ಗಿಡ ರೋಗಕ್ಕೆ ಕೆಲಸ ಮಾಡುತ್ತದೆ ಅಂತ ತೋರಿಸಬೇಕಾದರೆ ಜೀವಕೋಶಗಳ ಮೇಲೆ, ಆಮೇಲೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು ಪ್ರಾಣಿಗಳ ಮೇಲೆ, ಕೊನೆಗೆ ಮನುಷ್ಯರ ಮೇಲೆ ಪ್ರಯೋಗ ಆಗಬೇಕು. ಅದು ಒಂದು ಪೊಟ್ಟಣ ಕೊಟ್ಟು ಎರಡು ವಾರದಲ್ಲಿ ಆಗುವ ಕೆಲಸ ಅಲ್ಲ.

ನೆಲನೆಲ್ಲಿಯ ಕಥೆಯನ್ನೇ ನೋಡಿ. 1988ರಲ್ಲಿ ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಅವರ ತಂಡ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲಂಬರ್ಗ್ ಕೂಡ ಅದರಲ್ಲಿದ್ದರು. ಹೆಪಟೈಟಿಸ್ ಬಿ ಮೈಯಲ್ಲಿ ಉಳಿದುಕೊಂಡಿದ್ದವರಿಗೆ ಅಮಾರಸ್ ಪುಡಿ 200 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 30 ದಿನ. ಕೊಟ್ಟ 37 ಜನರಲ್ಲಿ 22 ಜನರ ರಕ್ತದಲ್ಲಿ ಆಮೇಲೆ ವೈರಸ್ಸಿನ ಗುರುತು ಕಾಣಲಿಲ್ಲ, ಔಷಧಿಯಿಲ್ಲದ ಹುಸಿ ಮಾತ್ರೆ ತಗೊಂಡ 23ರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಎಷ್ಟು ಆಸೆ ಹುಟ್ಟಿಸುವ ಫಲಿತಾಂಶ! ಆದರೆ ಥಾಯ್ಲೆಂಡಿನಲ್ಲಿ ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಅಷ್ಟು ದೊಡ್ಡವರ ಪ್ರಯೋಗಕ್ಕೇ ಹೀಗಾದ ಮೇಲೆ ನೇರಳೆ ನೀರು ಹಳದಿಯಾದದ್ದನ್ನು ಪ್ರೂಫ್ ಅಂತ ಮಾರುವುದು ತಪ್ಪು.

ಕಾಮಾಲೆಯಲ್ಲೂ ಎಲ್ಲವೂ ಒಂದೇ ಅಲ್ಲ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಬಂದದ್ದು, ಕುಡಿತದಿಂದ ಲಿವರ್ ಹಾಳಾಗಿ ಬಂದದ್ದು ಹಾಗಲ್ಲ. ಇದನ್ನು ಅಮ್ಮನಿಗೆ ನಿಧಾನವಾಗಿ ಹೇಳಿದೆ. ಬೇಜಾರಾಗುತ್ತೆ ಅಂದುಕೊಂಡಿದ್ದೆ, ಆಗಲಿಲ್ಲ. ಈಗ ಯಾರೇ ಬಂದರೂ ಮೊದಲು "ಡಾಕ್ಟರ್ ಹತ್ರ ರಕ್ತ ಟೆಸ್ಟ್ ಆಯ್ತಾ?" ಅಂತ ಕೇಳುತ್ತಾರೆ. ಆಗಿಲ್ಲ ಅಂದರೆ ಪುಡಿ ಕೊಡುವುದಿಲ್ಲ.

ಉಳಿದದ್ದು ಚಿಕ್ಕಪುಟ್ಟ ವಿಷಯ. ಹತ್ತು ದಿನ ಅಂದವರು 24 ದಿನ ತಗೊಂಡರು. ಎರಡು ಸ್ಯಾಂಪಲ್‌ಗೆ ಜಿಎಸ್‌ಟಿ ಸೇರಿ 19 ಸಾವಿರದ ಮೇಲಾಯಿತು. ರಿಪೋರ್ಟ್ ಪೂರ್ತಿ ಇಂಗ್ಲಿಷಿನಲ್ಲಿದೆ, ಅರ್ಥ ಹೇಳುವವರು ಮೇಡಂ ಒಬ್ಬರೇ. ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಸಂಸ್ಥೆಯ ಲೋಗೋ ಗೋಡೆ ಮೇಲಿದೆ, ಆದರೆ ಮಾನ್ಯತೆ ಸಿಗುವುದು ಒಂದೊಂದು ಟೆಸ್ಟಿಗೆ ಬೇರೆ ಬೇರೆ, ಹಾಗಾಗಿ ನಿಮಗೆ ಬೇಕಾದ ಟೆಸ್ಟ್ ಆ ಪಟ್ಟಿಯಲ್ಲಿದೆಯಾ ಅಂತ ನೋಡಿಕೊಳ್ಳಿ. ಐದಕ್ಕೆ ಮೂರೂವರೆ ಕೊಡುತ್ತೇನೆ, ಅದರಲ್ಲಿ ಮೂರು ಮೇಡಂಗೆ.

ಈ ಸಲ ಅಮ್ಮ ತೋಟದಲ್ಲಿ ಕೀಳಲಿಲ್ಲ. ಕೊಟ್ಟಿಗೆ ಹಿಂದಿನ ಹಿತ್ತಲಲ್ಲಿ, ಬೋರ್ಡೋ ಬೀಳದ ಜಾಗದಲ್ಲಿ ತಾನೇ ಎದ್ದಿದ್ದ ಗಿಡಗಳನ್ನು ಕಿತ್ತು ಅಟ್ಟದ ಮೇಲೆ ಹರಡಿದ್ದಾರೆ. ಒಣಗಿದ ಮೇಲೆ ಅದೇ ಲ್ಯಾಬಿಗೆ ಕೊಡುತ್ತೇನೆ. ಗುರುತು, ಎಚ್‌ಪಿಟಿಎಲ್‌ಸಿ, ಲೋಹ, ತಾಮ್ರ, ಇಷ್ಟೇ ಸಾಕು.